ಏರಿನಲ್ಲಿ ಮೂರು ಸಾಸಿವೆ

ಕಳೆದ ಡಿಸೆಂಬರಿನ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಮುಂಬಯಿ ಪಕ್ಕದ ಠಾಕುರ್ಲಿಯ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಿಂದ ನನ್ನ ಹಳೆಯ ಕಾರನ್ನು ಗುಜರಿಯವರು ಎಳೆದುಕೊಂಡು ಹೋದರು. ಕಾಗದಪತ್ರದ ಅವಧಿ ಮುಗಿದು ಎರಡು ವರ್ಷದಿಂದ ಅದು ನಿಂತಲ್ಲೇ ನಿಂತಿತ್ತು. ಹಗ್ಗ ಕಟ್ಟುವ ಮೊದಲು ಅವರಲ್ಲೊಬ್ಬ ಸೀಟುಗಳ ಅಡಿಗೆ ಕೈಹಾಕಿ ಸಿಕ್ಕಿದ್ದನ್ನೆಲ್ಲ ಬಾನೆಟ್ ಮೇಲೆ ಸಾಲಾಗಿ ಇಟ್ಟ. ಒಂದು ಛತ್ರಿಯ ಹಿಡಿ, ನನ್ನ ಮಗನ ಶಾಲೆಯ ಬ್ಯಾಡ್ಜು, ಎರಡು ಸ್ಪಾರ್ಕ್ ಪ್ಲಗ್ಗು, ಒಂದು ಸ್ಟೀಲ್ ಡಬ್ಬಿಯ ಮುಚ್ಚಳ.

"ಪಪ್ಪಾ, ಯೇ ಢಕ್ಕನ್ ಕಿಸ್ಕಾ ಹೈ?" ಎಂದ ಮಗ, ಮುಚ್ಚಳ ಎತ್ತಿ ತೋರಿಸುತ್ತ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದೆ. ಅಡುಗೆಯ ವಾಸನೆ ಏನೂ ಉಳಿದಿರಲಿಲ್ಲ. ಪೆಟ್ರೋಲು, ಧೂಳು, ಹಳೆಯ ರೆಕ್ಸಿನ್... ಅಷ್ಟೇ. ಅಂಚಿನ ಮೇಲೆ, ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊರೆದುಕೊಡುತ್ತಿದ್ದಂತೆ, ಒಬ್ಬ ಹೆಂಗಸಿನ ಹೆಸರಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರೇ ಹೇಳಿದ್ದರು. ಠಾಣೆ ಪೂರ್ವದ ಕೋಪರಿಯಲ್ಲಿ ಎಲ್ಲರೂ ಅವರನ್ನು ವೈನಿ ಎಂದು ಕರೆಯುತ್ತಿದ್ದರು. ಅಣ್ಣನ ಹೆಂಡತಿಯನ್ನು ಕರೆಯುವ ಮಾತು ಅದು. ವಿಜಯಪುರದ ಕಡೆಯವರಿಗೂ ಮರಾಠಿಯವರಿಗೂ ಹೆಚ್ಚುಕಡಿಮೆ ಒಂದೇ. ಅವರ ಗಂಡ ಕಾರು ರಿಪೇರಿ ಮಾಡುತ್ತಿದ್ದರು. ಅವರಿಗೆ ಮಿಸ್ತ್ರಿ ಎಂಬುದೇ ಹೆಸರಾಗಿತ್ತು.

ಹದಿನೆಂಟು ವರ್ಷಗಳ ಹಿಂದೆ ನಾನು ಮಿಸ್ತ್ರಿಯ ಬಗ್ಗೆ ಒಂದು ವರದಿ ಬರೆದೆ. ಆಗ ನಾನು ಮುಂಬಯಿಯ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ವರದಿಯಲ್ಲಿ ಎರಡು ತಪ್ಪುಗಳಿದ್ದವು. ಎರಡೂ ನನ್ನವೇ. ಎರಡೂ ವೈನಿಗೆ ಸೇರಬೇಕಾದುದನ್ನು ಬೇರೆಯವರಿಗೆ ಕೊಟ್ಟಿದ್ದವು. ತಿದ್ದುಪಡಿ ಅಚ್ಚಾಗಲಿಲ್ಲ. ಅದು ಹೇಗಾಯಿತು ಎಂಬುದನ್ನು ನೆನಪಿದ್ದಷ್ಟು ಕ್ರಮವಾಗಿ ಬರೆಯುತ್ತೇನೆ.

ಕೋಪರಿಯ ಗ್ಯಾರೇಜು ಎಂದರೆ ಒಂದೂವರೆ ಕಾರು ಹಿಡಿಸುವಷ್ಟು ತಗಡಿನ ಶೆಡ್ಡು. ಸ್ಟೇಷನ್ನಿನಿಂದ ಏಳೆಂಟು ನಿಮಿಷ ನಡೆದರೆ ಸಿಗುತ್ತಿತ್ತು. ಹಿಂದಿನ ಗೋಡೆಯಲ್ಲಿ ಒಂದು ಬಾಗಿಲು; ಬಾಗಿಲಿನ ಆಚೆ ಅವರ ಮನೆ, ಒಂದೇ ಕೋಣೆ. ಹೀಗಾಗಿ ಆ ಗ್ಯಾರೇಜಿನಲ್ಲಿ ಗ್ರೀಸಿನ ವಾಸನೆಯ ಜೊತೆಗೆ ಜೋಳದ ರೊಟ್ಟಿ ಬೇಯುವ ವಾಸನೆಯೂ ಇರುತ್ತಿತ್ತು. ಮಿಸ್ತ್ರಿ ತೆಳ್ಳಗೆ, ಉದ್ದಕ್ಕೆ ಇದ್ದರು. ಬಲಗಿವಿಯ ಮೇಲೆ ಬಡಗಿಗಳು ಬಳಸುವ ದಪ್ಪ ಪೆನ್ಸಿಲ್ಲು. ಬಿಲ್ಲು ಬರೆಯುವುದು, ಲೆಕ್ಕ ಹಾಕುವುದು, ಕೆಲಸ ಮುಗಿದ ಮೇಲೆ ಬಾನೆಟ್ಟಿನ ಒಳಮೈಗೆ ತಾರೀಖು ಗೀಚುವುದು, ಎಲ್ಲ ಅದರಿಂದಲೇ. ಅವರ ಅಕ್ಷರ ಚೌಕ ಚೌಕವಾಗಿ, ಒತ್ತಿ ಬರೆದಂತಿರುತ್ತಿತ್ತು. ಒಮ್ಮೆ ನೋಡಿದರೆ ಮರೆಯುವಂಥದಲ್ಲ.

ನನ್ನ ಕಾರು ಸೆಕೆಂಡ್‌ಹ್ಯಾಂಡ್. ನನ್ನ ಕೈಗೆ ಬರುವ ಹೊತ್ತಿಗೇ ಅದಕ್ಕೆ ಇಪ್ಪತ್ತು ದಾಟಿತ್ತು. ಡಿಸ್ಟ್ರಿಬ್ಯೂಟರ್ ಸವೆದುಹೋಗಿ ಅದರ ಕಡ್ಡಿ ಅಲ್ಲಾಡುತ್ತಿದೆ ಎಂದು ಡೊಂಬಿವಲಿಯ ಮೆಕ್ಯಾನಿಕ್ ಒಬ್ಬ ಹೇಳಿ ಕೈಬಿಟ್ಟ. ಹೊಸದು ಸಿಗುತ್ತಿರಲಿಲ್ಲ. ಯಾರೋ ಕೋಪರಿಗೆ ಹೋಗಿ ಎಂದರು. ಮಿಸ್ತ್ರಿ ಎಲ್ಲಿಂದಲೋ ಹಳೆಯ ವ್ಯಾನೊಂದರ ಡಿಸ್ಟ್ರಿಬ್ಯೂಟರ್ ತಂದರು. ಅದು ನನ್ನ ಇಂಜಿನ್ನಿಗೆ ಕೂತಿತು. ಆದರೆ ಕೂರುವುದು ಬೇರೆ, ಹೊಂದುವುದು ಬೇರೆ ಎಂದು ಮೊದಲ ದಿನವೇ ತಿಳಿಸಿದರು.

ಗೊತ್ತಿಲ್ಲದವರಿಗಾಗಿ ಒಂದು ವಿವರ. ಹಳೆಯ ಪೆಟ್ರೋಲ್ ಇಂಜಿನ್ನಿನ ನಾಲ್ಕು ಸಿಲಿಂಡರಿಗೂ ಸರದಿಯ ಪ್ರಕಾರ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರಿನ ಕೆಲಸ. ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬುದೇ ಟೈಮಿಂಗ್. ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ಒಂದು ಕಡೆಗೆ ತಿರುಗಿಸಿದರೆ ಕಿಡಿ ಬೇಗ ಹಾರುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ತಡವಾಗಿ. ತಡವಾದರೆ ಗಾಡಿ ಎಳೆಯುವುದಿಲ್ಲ, ಬಿಸಿಯಾಗುತ್ತದೆ, ಪೆಟ್ರೋಲು ಕುಡಿಯುತ್ತದೆ. ಬೇಗವಾದರೆ ಏರಿನಲ್ಲಿ ಇಂಜಿನ್ ಒಳಗೊಳಗೇ ಬಡಿದುಕೊಳ್ಳುತ್ತದೆ. ಬಹಳ ಸಣ್ಣ ಸದ್ದು ಅದು. ಅದನ್ನು ಕೇಳಿಸಿಕೊಳ್ಳದೆ ಓಡಿಸುತ್ತಲೇ ಹೋದರೆ ಒಂದು ದಿನ ಪಿಸ್ಟನ್ ತೂತಾಗುತ್ತದೆ. ಹೊಸ ಇಂಜಿನ್ನಿಗೆ ಇಂತಿಷ್ಟೇ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ, ಪುಲ್ಲಿಯ ಮೇಲೆ ಗುರುತೂ ಇರುತ್ತದೆ.

"ಬುಕ್ಕಿನ್ಯಾಗ ಬರದದ್ದು ಹೊಸಾ ಇಂಜಿನ್ನಿಗ್ರಿ, ಸಾಹೇಬ್ರ," ಎಂದರು ಮಿಸ್ತ್ರಿ. "ಮದುವ್ಯಾಗ ಹೊಲಿಸಿದ ಅಂಗಿ ನಿಮಗ ಈಗ ಬರತೈತೇನು? ಗುಂಡಿ ಕೂಡಂಗಿಲ್ಲ."

ಅವರ ಕೆಲಸದ ಕ್ರಮ ಎರಡು ಹಂತದ್ದು. ಮೊದಲು ಶೆಡ್ಡಿನಲ್ಲಿ, ಒಂದು ಸಣ್ಣ ಬಲ್ಬು ಕಟ್ಟಿಕೊಂಡು, ಬಲ್ಬು ಹೊತ್ತುವ ಜಾಗಕ್ಕೆ ಡಿಸ್ಟ್ರಿಬ್ಯೂಟರನ್ನು ತಂದು ಅರೆಬಿಗಿ ಮಾಡುವುದು. ಅದು ಎಲ್ಲರೂ ಮಾಡುವಂಥದೇ. ಎರಡನೆಯದು ಅವರದೇ ಪದ್ಧತಿ. ಗಾಡಿಯನ್ನು ಮುಂಬ್ರಾ ಬೈಪಾಸಿನ ಏರಿಗೆ ಒಯ್ಯಬೇಕು. ದಿನವೂ ಎಷ್ಟು ಜನ ಕೂರುತ್ತಾರೋ ಅಷ್ಟು ಜನ ಕೂತಿರಬೇಕು. ಟಾಪ್ ಗೇರಿನಲ್ಲಿ, ನಿಧಾನ ವೇಗದಲ್ಲಿ ಏರು ಹಿಡಿದು, ಒಮ್ಮೆಲೇ ಎಕ್ಸಲರೇಟರ್ ತುಳಿಯಬೇಕು. ಆಮೇಲೆ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಕೂದಲೆಳೆಯಷ್ಟು ತಿರುಗಿಸಿ, ಕೆಳಗಿಳಿದು, ಮತ್ತೆ ಏರು. ಮೂರು ಸಲ, ನಾಲ್ಕು ಸಲ. ಭಾರದ ಟ್ರಕ್ಕುಗಳು ಪಕ್ಕದಲ್ಲಿ ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು.

ನನ್ನ ಕಾರಿನ ದಿನ ನಾನು ಒಬ್ಬನೇ ಹೋಗಿದ್ದೆ. ಮಿಸ್ತ್ರಿ ಸ್ಟೀರಿಂಗಿಗೆ ಕೂತರು. ವೈನಿ ಹಿಂಬಾಗಿಲಿನಿಂದ ಬಂದು, ಏನೂ ಕೇಳದೆ, ಮುಂದಿನ ಎಡಸೀಟಿನಲ್ಲಿ ಕೂತರು. ತೊಡೆಯ ಮೇಲೆ ಸ್ಟೀಲ್ ಡಬ್ಬಿ. ನಾನು ಹಿಂದೆ.

"ವೈನಿ ಎಲ್ಲಿಗೆ?" ಎಂದು ಕೇಳಿದೆ.

"ಭಾರ ಬೇಕಲ್ರಿ," ಎಂದರು ಮಿಸ್ತ್ರಿ.

"ನಾ ರೇಷನ್ ಗೋಣಿ ನೋಡ್ರಿ," ಎಂದು ವೈನಿ ನಕ್ಕರು. "ಗೋಣಿಗಿ ಹೊಟ್ಟಿ ಹಸಿಯಂಗಿಲ್ಲ, ನನಗ ಹಸೀತೈತಿ. ಅದಕ್ಕ ಡಬ್ಬಿ."

ನಾನು ಅದನ್ನು ನಂಬಿದೆ. ಕೆಲಸದ ಅಭ್ಯಾಸದಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಹೆಂಡತಿ, ಭಾರಕ್ಕೆ.

ಆ ದಿನ ನಾಲ್ಕು ಸಲ ಏರು ಹತ್ತಿದೆವು. ಪ್ರತಿ ಸಲವೂ ಎಕ್ಸಲರೇಟರ್ ತುಳಿಯುವಾಗ ಮಿಸ್ತ್ರಿ ಕತ್ತನ್ನು ಎಡಕ್ಕೆ ವಾಲಿಸುತ್ತಿದ್ದರು. ಕಣ್ಣು ಅರೆ ಮುಚ್ಚಿದಂತೆ ಕೆಳಗಿರುತ್ತಿತ್ತು. ಮೂರನೇ ಸಲ ಮುಂದಿನ ಸೀಟುಗಳಿಂದ ಒಂದು ಮಾತು ಕೇಳಿಸಿತು: "ಮೂರು ಸಾಸ್ವಿ ಸಿಡದು ಸುಮ್ನಾಗಬೇಕು. ಸಿಡಕೋತನ ಇದ್ರ ಹಿಂದ ತರಬೇಕು. ಸಿಡೀಲೇ ಇಲ್ಲಂದ್ರ ಎಣ್ಣಿನ ಕಾದಿಲ್ಲಂತ ತಿಳೀಬೇಕು." ಸರಿಯಾದ ಟೈಮಿಂಗನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೂಡಲೇ ಬರೆದುಕೊಂಡೆ. ಯಾರು ಹೇಳಿದರು ಎಂದು ಬರೆದುಕೊಳ್ಳಲಿಲ್ಲ. ಟ್ರಕ್ಕಿನ ಸದ್ದಿತ್ತು, ಕಾರಿನ ಗಾಜು ಇಳಿಸಿತ್ತು... ಅದೆಲ್ಲ ಕಾರಣವಲ್ಲ. ಕೇಳಬಹುದಿತ್ತು, ಕೇಳಲಿಲ್ಲ.

ನಾಲ್ಕನೇ ಸಲ ಕಾರು ಒಂದು ಕ್ಷಣ ಮಾತ್ರ ಚಿಟಿಚಿಟಿ ಎಂದು ಸುಮ್ಮನಾಗಿ, ಬೆನ್ನನ್ನು ಯಾರೋ ತಳ್ಳಿದಂತೆ ಏರು ಹತ್ತಿತು. ಮೇಲೆ ರಸ್ತೆಯ ಬದಿಯಲ್ಲಿ ಮೂವರೂ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. "ನಿಮ್ಮ ಮಂಗಳೂರ ಮಂದೀಗಿ ರೊಟ್ಟಿ ಇಳೀತಾವೇನ್ರಿ?" ಎಂದು ವೈನಿ ಕೇಳಿದರು. ನಾನು ಮೂರನೆಯದಕ್ಕೆ ಕೈ ಹಾಕಿದಾಗ, "ಇಳೀತಾವ ಬಿಡ್ರಿ," ಎಂದರು.

ಹದಿನೈದು ದಿನ ಕಳೆದು ಆಫೀಸಿನ ಕ್ಯಾಮೆರಾ ತಂದು ಇನ್ನೊಬ್ಬರ ಗಾಡಿಯಲ್ಲಿ ಮತ್ತೆ ಅದೇ ಏರಿಗೆ ಹೋದೆ; ಆ ಸಲವೂ ಎಡಸೀಟಿನಲ್ಲಿ ವೈನಿ ಇದ್ದರು. ಹಿಂದಿನ ಸೀಟಿನಿಂದ, ಎರಡು ಸೀಟುಗಳ ನಡುವೆ ಬಾಗಿ, ಮಿಸ್ತ್ರಿ ಕತ್ತು ವಾಲಿಸಿದ ಕ್ಷಣಕ್ಕೆ ಸರಿಯಾಗಿ ಫೋಟೋ ತೆಗೆದೆ. ಭಾನುವಾರದ ಪುಟದಲ್ಲಿ ವರದಿ ಬಂತು. ಅದರಲ್ಲಿ ಈ ಎರಡು ವಾಕ್ಯಗಳಿದ್ದವು. "ಏರಿನಲ್ಲಿ ಮಿಸ್ತ್ರಿ ಕತ್ತು ಎಡಕ್ಕೆ ವಾಲಿಸಿ ಇಂಜಿನ್ನಿನ ಸದ್ದು ಆಲಿಸುತ್ತಾರೆ." ಇನ್ನೊಂದು: "ಮೂರು ಸಾಸಿವೆ ಸಿಡಿದು ಸುಮ್ಮನಾಗಬೇಕು, ಎನ್ನುತ್ತಾರೆ ಮಿಸ್ತ್ರಿ." ಭಾರಕ್ಕೆಂದು ಹೆಂಡತಿಯೂ ಜೊತೆಗಿರುತ್ತಾರೆ ಎಂಬ ಮೂರನೆಯ ವಾಕ್ಯವೂ ಇತ್ತು. ಜಾಗ ಸಾಲಲಿಲ್ಲ, ತೆಗೆದೆ. ಫೋಟೋವನ್ನೂ ಎಡಗಡೆ ಕತ್ತರಿಸಿ ಒಂದೂವರೆ ಕಾಲಮ್ಮಿಗೆ ಇಳಿಸಿದೆ.

ವರದಿ ಓದಿ ಜನ ಬಂದರು. ಉಲ್ಲಾಸನಗರದಿಂದ, ವಾಶಿಯಿಂದ, ಒಬ್ಬರು ಪನ್ವೇಲಿನಿಂದ. ಕನ್ನಡ ಓದುವ ಹೋಟೆಲಿನವರು ತಮ್ಮ ಮರಾಠಿ ಗೆಳೆಯರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ. ಕಿವಿಯಿಂದಲೇ ಟೈಮಿಂಗ್ ಹಿಡಿಯುವ ಮಿಸ್ತ್ರಿ ಎಂಬ ಮಾತು ನನ್ನ ವರದಿಗಿಂತ ದೂರ ಹೋಯಿತು. ಕೊನೆಗೆ ಖಾರಘರದಿಂದ ಒಂದು ಕರೆ ಬಂತು. ಹಳೆಯ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರ ಒಂದು ಗುಂಪು ಅಲ್ಲಿ ಇತ್ತು. ಅವರಲ್ಲಿ ಹಿರಿಯರಾದ ಒಬ್ಬ ನಿವೃತ್ತ ಅಧಿಕಾರಿ ತಮ್ಮ ಕಾರನ್ನು ತಳದಿಂದ ಕಟ್ಟಿಸಿದ್ದರು. ಡಿಸ್ಟ್ರಿಬ್ಯೂಟರಿನ ಒಳಭಾಗಗಳನ್ನೂ ಬದಲಾಯಿಸಿದ್ದರು. ಆದರೂ ಏರಿನಲ್ಲಿ ಬಡಿತ ಹೋಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಖಾರಘರದ ಗುಡ್ಡದ ರಸ್ತೆಯಲ್ಲಿ ಎಲ್ಲರ ಎದುರು ಮಿಸ್ತ್ರಿ ಅದನ್ನು ಸರಿಮಾಡಿ ತೋರಿಸಬೇಕು ಎಂಬುದು ಅವರ ಆಸೆ.

ಮಿಸ್ತ್ರಿ ಎರಡು ಸಲ ಏನೇನೋ ನೆವ ಹೇಳಿದರು. ಮೂರನೇ ಸಲ ನಾನೇ ಒತ್ತಾಯ ಮಾಡಿದೆ. ಅವರು ಟೀ ತರಲು ಹೊರಗೆ ಹೋದಾಗ ವೈನಿ ಬಾಗಿಲಲ್ಲಿ ನಿಂತು ಕೇಳಿದರು: "ನಾನೂ ಬರಬೇಕೇನ್ರಿ ಅಲ್ಲಿಗಿ?"

"ನೀವು ಬರ್ಲೇಬೇಕೂಂತ ಇಲ್ಲ ವೈನಿ. ಅಲ್ಲಿ ಭಾರಕ್ಕೆ ಜನ ಬೇಕಾದಷ್ಟು ಉಂಟು," ಎಂದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಉಂಟೇನು... ಛಲೋ ಆತು," ಎಂದು ಒಳಗೆ ಹೋದರು.

ಆದರೂ ಆ ಭಾನುವಾರ ಬಂದರು. ಕೋಪರಿಯಿಂದ ನನ್ನ ಕಾರಿನಲ್ಲೇ ಮೂವರೂ ಹೊರಟೆವು. ಅವರ ತೊಡೆಯ ಮೇಲೆ ಅದೇ ಡಬ್ಬಿ. ಐರೋಳಿ ದಾಟಿ ಬೇಲಾಪುರದವರೆಗೂ ಮಿಸ್ತ್ರಿ ಪೆನ್ಸಿಲ್ಲನ್ನು ಕಿವಿಯಿಂದ ತೆಗೆಯುವುದು, ಮತ್ತೆ ಇಡುವುದು ಮಾಡುತ್ತಿದ್ದರು.

ಗುಡ್ಡದ ಬುಡದಲ್ಲಿ ಹತ್ತು ಹನ್ನೆರಡು ಕಾರು, ಮೂವತ್ತರಷ್ಟು ಜನ. ಹಿರಿಯರು ಬಂದು ಮಿಸ್ತ್ರಿಯ ಕೈ ಕುಲುಕಿದರು. ವೈನಿಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಹೆಂಗಸರ ಜೊತೆ ಕೂರಿಸಿದರು. ಮಿಸ್ತ್ರಿ ಆ ಕಾರಿನ ಸ್ಟೀರಿಂಗಿಗೆ ಕೂತಾಗ ಎಡಸೀಟಿನಲ್ಲಿ ಕಾರಿನ ಯಜಮಾನರಾದ ಆ ಹಿರಿಯರೇ ಕೂತರು. ಅದು ಅವರ ಕಾರು, ಸಹಜವೇ.

ಮೊದಲ ಸಲ ಹೋಗಿ ಬಂದರು. ಬಾನೆಟ್ ಎತ್ತಿ ಸ್ವಲ್ಪ ತಿರುಗಿಸಿದರು. ಎರಡನೇ ಸಲ ಹೋದಾಗ ನಾನು ಮೊದಲ ತಿರುವಿನಲ್ಲಿ ನಿಂತಿದ್ದೆ. ಕಾರು ನನ್ನ ಎದುರು ಹಾದುಹೋಗುವಾಗ ಬಡಿತ ಸ್ಪಷ್ಟವಾಗಿ ಕೇಳಿಸಿತು. ಮೂರು ಸಾಸಿವೆಯಲ್ಲ, ಒಗ್ಗರಣೆಗೆ ಮುಷ್ಟಿ ಸಾಸಿವೆ ಸುರಿದ ಹಾಗೆ. ಮಿಸ್ತ್ರಿ ತಪ್ಪು ದಿಕ್ಕಿಗೆ ತಿರುಗಿಸಿದ್ದರು. ನನಗೆ ಕೇಳಿಸಿದ್ದು, ಅಲ್ಲಿದ್ದ ಎಲ್ಲರಿಗೂ ಕೇಳಿಸಿದ್ದು, ಅವರಿಗೆ ಕೇಳಿಸಲಿಲ್ಲ. ಅವರು ತುಳಿಯುತ್ತಲೇ ಇದ್ದರು. ಯಜಮಾನರು ಎಡಸೀಟಿನಿಂದ ಕೈ ಎತ್ತಿ ಸಾಕು ಸಾಕು ಎಂದು ಸನ್ನೆ ಮಾಡುವುದು ಕಾಣಿಸಿತು.

ಕಾರು ಕೆಳಗೆ ಬಂದು ನಿಂತಾಗ ಹಿಂದಿನಿಂದ ಯಾರೋ ಮರಾಠಿಯಲ್ಲಿ, "ಹಾ ಪೇಪರ್‌ಚಾ ಮಿಸ್ತ್ರಿ ಆಹೇ," ಎಂದರು. ಪೇಪರಿನಲ್ಲಷ್ಟೇ ಮಿಸ್ತ್ರಿ ಎಂದು ಅದರ ಅರ್ಥ. ಕೆಲವರು ನಕ್ಕರು. ಮಿಸ್ತ್ರಿ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮೇಲೆ ಕೈ ಇಟ್ಟು ನಿಂತರು. ಕೈ ತಿರುಗಲಿಲ್ಲ. ಒಂದು ನಿಮಿಷವಿರಬಹುದು, ಹೆಚ್ಚೇ ಇರಬಹುದು... ನಾನು ಗಡಿಯಾರ ನೋಡಲಿಲ್ಲ. ಆಮೇಲೆ ಕುರ್ಚಿಗಳ ಕಡೆ ತಿರುಗಿ ಕರೆದರು.

"ಏ, ಬಾ ಇಲ್ಲೆ."

ವೈನಿ ಡಬ್ಬಿ ಹಿಡಿದುಕೊಂಡೇ ಎದ್ದು ಬಂದರು. ಮೂವತ್ತು ಜನರ ನಡುವೆ ಹಾದು, ಮುಂದಿನ ಎಡಬಾಗಿಲು ತೆಗೆದು ಕೂತರು.

"ಭಾಭೀಜಿ ಕೋ ಭೀ ಘೂಮ್ನಾ ಹೈ ಕ್ಯಾ?" ಎಂದರು ಯಜಮಾನರು. ಭಾಭಿಯವರಿಗೂ ಸುತ್ತಾಡಬೇಕಾ ಎಂಬ, ಒಳ್ಳೆಯ ಮನಸ್ಸಿನ ತಮಾಷೆಯೇ.

"ಕಾನ್ ಇಸ್ಕಾ ಹೈ, ಸಾಬ್," ಎಂದರು ಮಿಸ್ತ್ರಿ. "ಮೇರಾ ಖಾಲಿ ಹಾಥ್."

ಕಿವಿ ಇವಳದು, ನನ್ನದು ಬರೀ ಕೈ. ಅಷ್ಟು ಜನರ ಎದುರು ಅವರು ಅದನ್ನು ಹೇಳಿದರು. ಎಲ್ಲರೂ ಜೋರಾಗಿ ನಕ್ಕರು, ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಹೆಂಡತಿಗೆ ಹೆದರುವ ಗಂಡನ ಜೋಕು ಎಂದು ತಿಳಿದರು. ನಗದೆ ಇದ್ದವರು ಮೂವರು.

ನಾನೂ ಯಜಮಾನರೂ ಹಿಂದೆ ಕೂತೆವು. ಆ ಸಲ ನಾನು ಮಿಸ್ತ್ರಿಯ ಮುಖ ನೋಡಲಿಲ್ಲ. ಅವರ ಕಣ್ಣು ಹೋಗುವ ಕಡೆ ನೋಡಿದೆ. ವೈನಿಯ ಬಲಗೈ ಡಬ್ಬಿಯ ಮುಚ್ಚಳದ ಮೇಲಿತ್ತು, ನಾಲ್ಕು ಬೆರಳೂ ಕೂಡಿಸಿ. ಏರು ಬಂತು, ಮಿಸ್ತ್ರಿ ತುಳಿದರು, ಕತ್ತು ಎಡಕ್ಕೆ ವಾಲಿತು. ಬಡಿತ ಶುರುವಾದ ಕ್ಷಣಕ್ಕೆ ವೈನಿಯ ತೋರುಬೆರಳು ಮುಚ್ಚಳದಿಂದ ಮೇಲೆದ್ದಿತು. ಬಡಿತ ಇರುವಷ್ಟು ಹೊತ್ತೂ ಹಾಗೆಯೇ ನಿಂತಿತು. ಮಿಸ್ತ್ರಿ ಗಾಡಿ ನಿಲ್ಲಿಸಿ ಇಳಿದು ತಿರುಗಿಸಿ ಬಂದರು. ಮತ್ತೆ ಏರು. ಬೆರಳು ಎದ್ದು, ಸ್ವಲ್ಪ ತಡೆದು ಇಳಿಯಿತು. ಇನ್ನೊಮ್ಮೆ ಕೆಳಗಿಳಿದು, ಇನ್ನೊಮ್ಮೆ ಏರು. ಬೆರಳು ಎದ್ದಿತು. ಒಂದು, ಎರಡು, ಮೂರು. ಇಳಿಯಿತು.

"ಇಲ್ಲೇ ಬಿಗೀರಿ," ಎಂದರು ವೈನಿ.

ಹಿರಿಯರು ಸಂತೋಷದಿಂದ ಮಿಸ್ತ್ರಿಯ ಹೆಗಲಿಗೆ ಶಾಲು ಹೊದಿಸಿದರು. ವೈನಿಗೆ ಒಂದು ಹೂವಿನ ಗುಚ್ಛ ಕೊಟ್ಟರು.

ವಾಪಸು ಬರುವಾಗ ಮಿಸ್ತ್ರಿಯೇ ಮಾತೆತ್ತಿದರು. "ಎಂಟು ವರ್ಷ ಆತ್ರಿ. ಮಾತು ಕೇಳತೈತಿ, ಹಾರ್ನ್ ಕೇಳತೈತಿ. ಸಣ್ಣ ಸಪ್ಪಳ ಅಷ್ಟ ಹೋಗೇತಿ. ತಗಡು ಬಡದು ಬಡದು."

ನಾನು ಕಾರು ನಿಧಾನ ಮಾಡಿದೆ. ವರದಿ ತಪ್ಪಾಗಿದೆ, ತಿದ್ದುಪಡಿ ಹಾಕಿಸುತ್ತೇನೆ ಎಂದೆ.

"ಬ್ಯಾಡ್ರಿ, ಸಾಹೇಬ್ರ. ಕಿವುಡ ಮಿಸ್ತ್ರಿ ಹಂತ್ಯಾಕ ಯಾರ ಬರ್ತಾರ?"

ಐರೋಳಿಯ ಸಿಗ್ನಲ್ಲಿನಲ್ಲಿ ವೈನಿ, ಮುಂದಿನ ಗಾಜು ನೋಡುತ್ತಲೇ ಹೇಳಿದರು: "ಕಿವೀದು ಬ್ಯಾಡ. ನನ್ನ ಹೆಸರೂ ಬ್ಯಾಡ. ಆ ಸಾಸ್ವಿ ಮಾತರ ನಂದಂತ ಬರೀರಿ. ಅದು ನಂದ ಐತಿ."

"ನೀ ಸುಮ್ನ ಕೂಡು," ಎಂದರು ಮಿಸ್ತ್ರಿ.

"ಸುಮ್ನ ಕುಂತೇನಲ್ಲ ಎಂಟು ವರ್ಷ."

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ.

ಮರುದಿನ ನಾನು ಸಂಪಾದಕರ ಮೇಜಿಗೆ ಹೋದೆ. ಮಿಸ್ತ್ರಿಯ ವರದಿಯಲ್ಲಿ ಒಂದು ಮಾತನ್ನು ತಪ್ಪು ಬಾಯಿಗೆ ಹಾಕಿದ್ದೇನೆ ಎಂದೆ. "ಯಾರಾದ್ರೂ ಪತ್ರ ಬರೆದಿದ್ದಾರಾ?" ಎಂದರು. ಇಲ್ಲ. "ಮಿಸ್ತ್ರಿಗೆ ಬೇಸರವಾ?" ಇಲ್ಲ. "ಮತ್ತೆ ಎಂತಕ್ಕೆ ಮಾರಾಯ್ರೆ, ಇದ್ದದ್ದನ್ನು ಕೆದಕುದು?" ಅಲ್ಲಿಗೆ ಮುಗಿಯಿತು. ನಾನು ಎರಡನೇ ಸಲ ಕೇಳಲಿಲ್ಲ. ನನಗೂ ಸ್ವಲ್ಪ ಹಗುರವಾಯಿತು ಎಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ನನ್ನ ಹೆಸರಿನ ಕೆಳಗೆ ಒಂದೂ ತಿದ್ದುಪಡಿ ಬಂದಿರಲಿಲ್ಲ.

ಅಂದು ಅಚ್ಚಾಗದ ಆ ತಿದ್ದುಪಡಿಯನ್ನು, ಬೇಡವೆಂದಿದ್ದ ಕಿವಿಯ ಮಾತನ್ನೂ ಸೇರಿಸಿ, ಈಗ ಇಲ್ಲಿ ಬರೆಯುತ್ತೇನೆ. ನಾಲ್ಕೇ ಸಾಲು. ಕೋಪರಿಯ ಮಿಸ್ತ್ರಿಯ ಕುರಿತ ವರದಿಯಲ್ಲಿ ಸಾಸಿವೆಯ ಮಾತನ್ನು ಮಿಸ್ತ್ರಿ ಹೇಳಿದರೆಂದು ಪ್ರಕಟವಾಗಿತ್ತು. ಅದನ್ನು ಹೇಳಿದವರು ಅವರ ಪತ್ನಿ. ಏರಿನಲ್ಲಿ ಇಂಜಿನ್ನಿನ ಸದ್ದು ಆಲಿಸುತ್ತಿದ್ದವರೂ ಅವರೇ. ತಪ್ಪಿಗಾಗಿ ವಿಷಾದಿಸುತ್ತೇವೆ.

ಮುಂದಿನ ಸಲ ಕೋಪರಿಗೆ ಹೋದಾಗ ಜಾಗ ಸಿಗಲಿಲ್ಲ ಎಂದು ವೈನಿಗೆ ಹೇಳಿದೆ. "ಆಗ್ಲಿ ಬಿಡ್ರಿ," ಎಂದರು. ಆಮೇಲೆ, "ನಮ್ಮ ಡಬ್ಬಿ ಮುಚ್ಚಳ ನಿಮ್ಮ ಗಾಡ್ಯಾಗ ಬಿದ್ದೈತೇನು ನೋಡ್ರಿ. ಅವತ್ತಿನಿಂದ ಸಿಗವಲ್ದು," ಎಂದರು. ನಾನು ಬಾಗಿಲು ತೆಗೆದು ಸೀಟಿನ ಮೇಲೆ, ಕಾಲಿಡುವಲ್ಲಿ ಕಣ್ಣಾಡಿಸಿದೆ. ಇಲ್ಲ ಎಂದೆ. ಸೀಟಿನ ಅಡಿ ಕೈಹಾಕಿ ನೋಡಲಿಲ್ಲ. ಆಮೇಲಿನ ಏರುಗಳಲ್ಲಿ ಅವರು ಡಬ್ಬಿಯ ಮೇಲೆ ಒಂದು ತಾಟು ಮುಚ್ಚಿಕೊಂಡು ಕೂರುತ್ತಿದ್ದರು.

ನಾಲ್ಕೈದು ವರ್ಷ ಹೀಗೇ ನಡೆಯಿತು. ಹಳೆಯ ಇಂಜಿನ್ನುಗಳು ಕಡಿಮೆಯಾದವು. ಹೊಸ ಗಾಡಿಗಳಲ್ಲಿ ತಿರುಗಿಸಲು ಡಿಸ್ಟ್ರಿಬ್ಯೂಟರೇ ಇರಲಿಲ್ಲ. ನಾನೂ ಕಾರು ಹೊರಗೆ ತೆಗೆಯುವುದು ಅಪರೂಪವಾಯಿತು. ಒಂದು ಸಲ ಹೋದಾಗ ಶೆಡ್ಡಿಗೆ ಬೀಗ ಇತ್ತು. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯವರು, ಮಿಸ್ತ್ರಿ ತೀರಿಕೊಂಡು ಎರಡು ತಿಂಗಳಾಯಿತು, ವೈನಿ ಕಲ್ಯಾಣದಲ್ಲಿರುವ ಮಗಳ ಮನೆಗೆ ಹೋದರು ಎಂದರು. ವಿಳಾಸವನ್ನೂ ಬರೆದುಕೊಟ್ಟರು. ಠಾಕುರ್ಲಿಯಿಂದ ಕಲ್ಯಾಣ ಒಂದೇ ಸ್ಟೇಷನ್. ಅದು ಆಗಿ ಹದಿಮೂರು ವರ್ಷ... ನಾನು ಹೋಗಲಿಲ್ಲ.

ಈ ಜನವರಿಯ ಮೊದಲ ಭಾನುವಾರ ಮುಚ್ಚಳ ತೊಳೆದು, ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಬಾಗಿಲು ತೆಗೆದವರು ಮಗಳು. ನಲವತ್ತೈದರ ಆಚೆಈಚೆ. ಅವರ ಕನ್ನಡದಲ್ಲಿ ಅರ್ಧ ಮರಾಠಿ. ನಾನು ಯಾರೆಂದು ಹೇಳಿದೆ.

"ಪೇಪರ್‌ದವರೇನ್ರಿ? ಯಾ, ಬರ್ರಿ ಒಳಗ," ಎಂದು ಕುರ್ಚಿ ಕೊಟ್ಟರು. "ಆಯಿ ನವರಾತ್ರಿ ಮುಂದ ಹೋದಳ್ರಿ."

ವೈನಿ ತೀರಿಕೊಂಡು ಮೂರು ತಿಂಗಳಾಗಿತ್ತು. ಮುಚ್ಚಳವನ್ನು ಅವರ ಕೈಗೆ ಕೊಟ್ಟೆ. ಅಂಚಿನ ಹೆಸರನ್ನು ಬೆರಳಿನಿಂದ ಸವರಿದರು. ಡಬ್ಬಿ ಇದೆಯೇ ಎಂದು ಕೇಳಿದೆ. ಮುಚ್ಚಳ ಇಲ್ಲವೆಂದು ಕೋಪರಿಯ ಮನೆ ಬಿಡುವಾಗ ಹಳೆಯ ಪಾತ್ರೆಗಳ ಜೊತೆ ಗುಜರಿಗೆ ಹಾಕಿದರಂತೆ.

ಚಹಾ ತಂದಿಟ್ಟು ಮಗಳು ತಾಯಿಯ ಕಿವಿಯ ಸುದ್ದಿ ಹೇಳಿದರು. "ಕಡೀತನಕಾ ಚುರುಕ್ರಿ. ಲಿಫ್ಟಿನ್ಯಾಗ ಏನೋ ಕರಕರ ಅಂತೈತಿ, ಸೆಕ್ರೆಟರಿಗಿ ಹೇಳಿ ಬಾ ಅಂತ ಜೀವಾ ತಿಂದ್ಲು. ಅವ್ರು ನಕ್ರು. ಹದಿನೈದು ದಿವಸಕ್ಕ ಲಿಫ್ಟ್ ಬಂದ್. ಏಳನೇ ಮಜಲಿಗಿ ಆ ಸೆಕ್ರೆಟರಿನ ಹತ್ತಿ ಹೋದ, ನಡಕೋತ."

ಹೊರಡುವಾಗ ಬಾಗಿಲ ಪಕ್ಕದ ಗೋಡೆ ತೋರಿಸಿದರು. ನನ್ನ ವರದಿಯ ತುಣುಕು ಅಲ್ಲಿತ್ತು, ಲ್ಯಾಮಿನೇಟ್ ಮಾಡಿಸಿದ್ದು. ಕಾಗದ ಹಳದಿಯಾಗಿತ್ತು. ಅಪ್ಪ ಮಾಡಿಸಿದ್ದು, ಕೋಪರಿಯಲ್ಲಿ ಒಳಗಿನ ಕೋಣೆಯಲ್ಲಿ ತೂಗುಹಾಕಿದ್ದರು, ಗಿರಾಕಿಗಳಿಗೆ ಕಾಣುವಲ್ಲಿ ಹಾಕಲಿಲ್ಲ ಎಂದರು ಮಗಳು. ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ.

ಪ್ಲಾಸ್ಟಿಕ್ಕಿನ ಒಳಗೆ, ಅಚ್ಚಿನ ಮೇಲೆ, ದಪ್ಪ ಪೆನ್ಸಿಲ್ಲಿನ ಗುರುತುಗಳಿದ್ದವು. ಚೌಕ ಅಕ್ಷರ. "ಎನ್ನುತ್ತಾರೆ ಮಿಸ್ತ್ರಿ" ಎಂಬಲ್ಲಿ ಮಿಸ್ತ್ರಿ ಎಂಬುದನ್ನು ಹೊಡೆದು ಮೇಲೆ "ನಮ್ಮಾಕಿ" ಎಂದು ಬರೆದಿತ್ತು. "ಇಂಜಿನ್ನಿನ ಸದ್ದು ಆಲಿಸುತ್ತಾರೆ" ಎಂಬುದನ್ನು ಹೊಡೆದು "ಆಕಿ ಕೈ ನೋಡತೇನಿ" ಎಂದಿತ್ತು. ಮೂರನೆಯ ಗುರುತು ಫೋಟೋದ ಮೇಲೆ. ನಾನು ಕತ್ತರಿಸಿದ ಎಡ ಅಂಚಿನಲ್ಲಿ, ಒಂದು ಸಣ್ಣ ಜಾಗದ ಸುತ್ತ ಪೆನ್ಸಿಲ್ಲಿನ ವೃತ್ತ. ವೃತ್ತದ ಒಳಗೆ ಸ್ಟೀಲ್ ಮುಚ್ಚಳದ ಒಂದು ತುಂಡು, ಅದರ ಮೇಲೆ ಮೂರು ಬೆರಳು. ತೋರುಬೆರಳು ಎದ್ದಿದೆ.